ಸಕ್ಕರೆಯ ಮರೆಯಲ್ಲಿದ್ದ ಎನ್‌ಟಿ-ಪ್ರೊಬಿಎನ್‌ಪಿ: ಪ್ರತಿಕಾಯ ಆರಿಸಿದ ನನ್ನ ಅನುಭವ

ಹೃದಯ ವೈಫಲ್ಯವನ್ನು ರಕ್ತದ ಮೂಲಕ ಗುರುತಿಸುವ ಎಲೈಸಾ (ಪ್ರತಿಕಾಯಗಳ ನೆರವಿನಿಂದ ಬಣ್ಣ ಬರಿಸಿ ಪ್ರೋಟೀನನ್ನು ಅಳೆಯುವ) ಪರೀಕ್ಷೆಯೊಂದನ್ನು ಪ್ರಯೋಗಾಲಯದಲ್ಲೇ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಯಾವುದನ್ನು ಅಳೆಯಬೇಕೆಂದು ತೀರ್ಮಾನಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೃತ್ಕುಕ್ಷಿಯ ಗೋಡೆ ಒತ್ತಡಕ್ಕೆ ಸಿಕ್ಕಿ ಹಿಗ್ಗಿದಾಗ ಅಲ್ಲಿನ ಸ್ನಾಯುಕೋಶಗಳು 108 ಅಮೈನೋ ಆಮ್ಲಗಳ ಪ್ರೊಬಿಎನ್‌ಪಿಯನ್ನು ತಯಾರಿಸುತ್ತವೆ. ಅದು ತುಂಡಾಗಿ 32 ಅಮೈನೋ ಆಮ್ಲಗಳ ಬಿಎನ್‌ಪಿ ಹಾಗೂ 76 ಅಮೈನೋ ಆಮ್ಲಗಳ ಎನ್‌ಟಿ-ಪ್ರೊಬಿಎನ್‌ಪಿ ಆಗುತ್ತದೆ. ಹಾರ್ಮೋನಾಗಿ ಕೆಲಸ ಮಾಡುವುದು ಬಿಎನ್‌ಪಿಯೇ ಆದರೂ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ ಮಾತ್ರ, ಟ್ಯೂಬಿಗೆ ತೆಗೆದ ಮೇಲೂ ಅದು ಬೇಗ ಹಾಳಾಗುತ್ತದೆ. ಅದರ ಜೊತೆಗಾರನಿಗೆ ಬಾಳಿಕೆ ಹೆಚ್ಚು. ಹೆಸರು ತೆಗೆದುಹಾಕಿ ಫ್ರೀಜರಿನಲ್ಲಿಟ್ಟಿದ್ದ ಹಳೆಯ ಪ್ಲಾಸ್ಮಾ ಮಾದರಿಗಳನ್ನೇ ನಂಬಿಕೊಂಡಿದ್ದ ನಾನು ಎನ್‌ಟಿ-ಪ್ರೊಬಿಎನ್‌ಪಿಯನ್ನೇ ಆರಿಸಿಕೊಂಡೆ.

ಸ್ಯಾಂಡ್‌ವಿಚ್ ಎಲೈಸಾಕ್ಕೆ ಎರಡು ಪ್ರತಿಕಾಯಗಳು, ಅಂದರೆ ತಮ್ಮ ಗುರಿಯನ್ನು ಮಾತ್ರ ಗುರುತಿಸಿ ಅಂಟುವ ಪ್ರೋಟೀನುಗಳು, ಬೇಕು: ಪ್ಲೇಟಿನ ತಳಕ್ಕೆ ಅಂಟಿಕೊಂಡು ಪ್ರೋಟೀನನ್ನು ಹಿಡಿಯುವುದು ಒಂದು, ಹಿಡಿದದ್ದರ ಮೇಲೆ ಕುಳಿತು ಬಣ್ಣ ಬರಿಸುವುದು ಇನ್ನೊಂದು. ಎರಡಕ್ಕೂ ನಾನು ಮೊನೊಕ್ಲೋನಲ್, ಅಂದರೆ ಪ್ರೋಟೀನಿನ ಒಂದೇ ಒಂದು ಜಾಗವನ್ನು ಗುರುತಿಸುವ, ಪ್ರತಿಕಾಯಗಳನ್ನೇ ತರಿಸಿದೆ. ಬಣ್ಣ ಬರಿಸುವ ಪ್ರತಿಕಾಯ ಪ್ರೋಟೀನಿನ ನಡುಭಾಗವನ್ನು, ಅಂದರೆ 40ರಿಂದ 50ರ ಆಸುಪಾಸಿನ ಅಮೈನೋ ಆಮ್ಲಗಳನ್ನು ಗುರುತಿಸುತ್ತದೆಂದು ಅದರ ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು. ಆ ಸಾಲನ್ನು ನಾನು ಓದಿಯೂ ಓದದವನಂತೆ ಇದ್ದುಬಿಟ್ಟೆ.

ಮೊದಲ ಪ್ಲೇಟು ಕಣ್ಣಿಗೆ ಹಬ್ಬವಾಗಿತ್ತು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಎನ್‌ಟಿ-ಪ್ರೊಬಿಎನ್‌ಪಿಯೇ ನಮ್ಮ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗಾಗಿ ಗೊತ್ತಾದ ಪ್ರಮಾಣದಲ್ಲಿ ಬಳಸುವ ಮಾದರಿ, ಆಗಿತ್ತು. ಅದನ್ನು ದುರ್ಬಲಗೊಳಿಸುತ್ತ ಹೋದಂತೆ ವೆಲ್‌ಗಳ (ಪ್ಲೇಟಿನ ಪುಟ್ಟ ಕುಳಿಗಳ) ನೀಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಆಮ್ಲ ಹಾಕಿದೊಡನೆ ಹಳದಿಯಾಯಿತು, 450 ನ್ಯಾನೊಮೀಟರಿನಲ್ಲಿ ಓದಿದಾಗ ರೇಖೆ ಎಲ್ಲೂ ಮುಗ್ಗರಿಸಲಿಲ್ಲ. ಆದರೆ ಅದೇ ಪ್ಲೇಟಿನಲ್ಲಿದ್ದ ರೋಗಿಗಳ ಮಾದರಿಗಳು ಪೇಲವವಾಗಿದ್ದವು. ಆಸ್ಪತ್ರೆಯ ಯಂತ್ರದಲ್ಲಿ ಮಿಲಿಲೀಟರಿಗೆ 4000 ಪಿಕೊಗ್ರಾಂ ದಾಟಿದ್ದ ಒಂದು ಮಾದರಿಗೆ ನಮ್ಮ ಲೆಕ್ಕದಲ್ಲಿ ಬಂದದ್ದು 300ಕ್ಕೂ ಕಡಿಮೆ. ಉಸಿರುಕಟ್ಟಿ ಬಂದ ರೋಗಿಗೆ ತೀವ್ರ ಹೃದಯ ವೈಫಲ್ಯವಿಲ್ಲವೆಂದು ಹೇಳಲು ವೈದ್ಯರು ಬಳಸುವ ಮಿತಿಯೇ 300 ಎಂಬುದು ಗೊತ್ತಿದ್ದವರಿಗೆ ಈ ತಪ್ಪಿನ ತೂಕ ಅರ್ಥವಾದೀತು.

ಪ್ಲಾಸ್ಮಾದಲ್ಲಿರುವ ಬೇರಾವುದೋ ವಸ್ತು ಅಡ್ಡಬರುತ್ತಿದೆಯೆಂದು ನಾನು ಮೊದಲು ಶಂಕಿಸಿದೆ. ಆರೋಗ್ಯವಂತರ ಪ್ಲಾಸ್ಮಾಕ್ಕೆ ಸ್ಟ್ಯಾಂಡರ್ಡನ್ನೇ ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಅಳೆದರೆ ಶೇಕಡಾ 90ಕ್ಕಿಂತ ಹೆಚ್ಚು ಮರಳಿ ಸಿಕ್ಕಿತು. ಪರೀಕ್ಷೆ ಸರಿಯಿದೆ, ಮಾದರಿಗಳೇ ಕೆಟ್ಟಿರಬೇಕು ಎಂದುಕೊಂಡು ಮೂರು ವಾರ ಫ್ರೀಜರಿನ ದಾಖಲೆ ಪುಸ್ತಕವನ್ನು ತಿರುವಿಹಾಕಿದೆ. ನಾನು ಬೆರೆಸಿದ್ದೂ ಬ್ಯಾಕ್ಟೀರಿಯಾ ಮಾಡಿದ, ಸಕ್ಕರೆ ಅಂಟದ ಬೋಳು ಪ್ರೋಟೀನನ್ನೇ ಎಂಬುದು, ಆದ್ದರಿಂದ ಆ ಪರೀಕ್ಷೆ ತನ್ನನ್ನು ತಾನೇ ಸಮರ್ಥಿಸಿಕೊಂಡಿತ್ತಷ್ಟೇ ಎಂಬುದು, ಆಗ ಹೊಳೆಯಲಿಲ್ಲ.

ಮನುಷ್ಯನ ಹೃದಯದಿಂದ ಹೊರಬರುವ ಎನ್‌ಟಿ-ಪ್ರೊಬಿಎನ್‌ಪಿ ಬೋಳಾಗಿರುವುದಿಲ್ಲ. ಅದರ 36, 37, 44, 48, 53, 58 ಮತ್ತು 71ನೆಯ ಸ್ಥಾನಗಳಲ್ಲಿ ಸಕ್ಕರೆಯ ಸರಪಳಿಗಳು ಕೂರಬಲ್ಲವು. ಇವುಗಳಲ್ಲಿ ಹೆಚ್ಚಿನವು ನಡುಭಾಗದಲ್ಲೇ ಇವೆ. ನನ್ನ ಪ್ರತಿಕಾಯ ಬಂದು ಹಿಡಿಯಬೇಕಾದ ಜಾಗವೇ ಮುಚ್ಚಿಹೋಗಿತ್ತು.

ಇದನ್ನು ಖಚಿತಪಡಿಸಿಕೊಳ್ಳಲು ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿದೆ. ಒಂದಕ್ಕೆ ಸಕ್ಕರೆ ಕಳಚುವ ಒ-ಗ್ಲೈಕೊಸಿಡೇಸ್ ಕಿಣ್ವವನ್ನೂ ಜೊತೆಗೆ ನ್ಯೂರಾಮಿನಿಡೇಸನ್ನೂ ಹಾಕಿದೆ. ಸರಪಳಿಯ ತುದಿಯಲ್ಲಿರುವ ಸಿಯಾಲಿಕ್ ಆಮ್ಲವನ್ನು ನ್ಯೂರಾಮಿನಿಡೇಸ್ ತೆಗೆಯದಿದ್ದರೆ ಮೊದಲನೆಯ ಕಿಣ್ವಕ್ಕೆ ಕೆಲಸವೇ ಸಾಗದು. ಇನ್ನೊಂದು ಪಾಲಿಗೆ ಕಿಣ್ವವಿಲ್ಲದ ಬರಿಯ ಬಫರ್ ದ್ರಾವಣ. ಎರಡನ್ನೂ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಅವಧಿ ಇಟ್ಟೆ, ಸ್ಟ್ಯಾಂಡರ್ಡಿಗೂ ಇದೇ ಉಪಚಾರ ಮಾಡಿದೆ. ಸ್ಟ್ಯಾಂಡರ್ಡಿನ ಬಣ್ಣ ಕದಲಲಿಲ್ಲ. ಬಫರ್ ಹಾಕಿದ ಪಾಲು ಎಂದಿನಂತೆ ಪೇಲವವಾಗಿಯೇ ಉಳಿಯಿತು; ಅದರ ಪಕ್ಕದಲ್ಲೇ ಕಿಣ್ವ ಹಾಕಿದ ವೆಲ್ ಕಣ್ಣೆದುರೇ ಕಡುನೀಲಿಗೆ ತಿರುಗಿತು. ಮೂರು ವಾರಗಳ ಬೇಸರ ಆ ಐದು ನಿಮಿಷಗಳಲ್ಲಿ ಇಳಿದುಹೋಯಿತು.

ಪ್ರತಿ ಮಾದರಿಗೂ ಕಿಣ್ವ ಹಾಕಿ ಅಳೆಯುವುದು ದಿನನಿತ್ಯಕ್ಕೆ ಆಗುವ ಮಾತಲ್ಲ, ಪ್ರತಿಕಾಯವನ್ನೇ ಬದಲಿಸಬೇಕಾಯಿತು. ಹೊಸ ಜೋಡಿಯಲ್ಲಿ ಒಂದು 13ರಿಂದ 20ರವರೆಗಿನ ಭಾಗವನ್ನೂ ಇನ್ನೊಂದು 63ರಿಂದ 71ರವರೆಗಿನ ಭಾಗವನ್ನೂ ಗುರುತಿಸುತ್ತದೆ. ಎರಡನೆಯದರ ಅಂಚಿನಲ್ಲೇ 71ನೆಯ ಸ್ಥಾನ ಇರುವುದರಿಂದ ನನಗೆ ಅಳುಕಿತ್ತು. ಆದರೆ ಅಲ್ಲಿ ಸಕ್ಕರೆ ಕುಳಿತರೆ ಪ್ರೊಬಿಎನ್‌ಪಿ ತುಂಡಾಗುವುದಕ್ಕೇ ಅಡ್ಡಿಯಾಗುತ್ತದೆ. ಆದ್ದರಿಂದ ತುಂಡಾಗಿ ಬಂದ ಎನ್‌ಟಿ-ಪ್ರೊಬಿಎನ್‌ಪಿಯಲ್ಲಿ ಆ ಸ್ಥಾನ ಬಹುಮಟ್ಟಿಗೆ ಖಾಲಿಯಿರುತ್ತದೆ. ಈ ಜೋಡಿಯೊಂದಿಗೆ ಕಿಣ್ವ ಹಾಕಿದ ಮತ್ತು ಹಾಕದ ಪಾಲುಗಳ ಬಣ್ಣ ಹೆಚ್ಚುಕಡಿಮೆ ಒಂದೇ ಬಂತು.

ಈಗಿನ ತೊಡಕು ಬೇರೆ ಬಗೆಯದು. ಹೊಸ ಜೋಡಿ ಕೊಡುವ ಅಂಕಿಗಳು ಆಸ್ಪತ್ರೆಯ ಯಂತ್ರದ ಅಂಕಿಗಳಿಗಿಂತ ಮೇಲಕ್ಕೇ ನಿಲ್ಲುತ್ತವೆ, ಅದೂ ಎಲ್ಲ ಮಾದರಿಗಳಲ್ಲಿ ಒಂದೇ ಪ್ರಮಾಣದಲ್ಲಲ್ಲ, ಏಕೆಂದರೆ ಆ ಯಂತ್ರದ ಅಳತೆಗೂ ಅಡ್ಡಬರುವ ಸಕ್ಕರೆಯ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಹೀಗಾಗಿ 300ರ ಮಿತಿಯನ್ನು ನಮ್ಮ ಪ್ಲೇಟಿಗೆ ಹಾಗೆಯೇ ಅನ್ವಯಿಸಬಾರದೆಂದು ಪರೀಕ್ಷೆಯ ಕಾರ್ಯವಿಧಾನದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.