ಇಲ್ಲವಾದ ಮಾನಸಿಕ ಆಸ್ಪತ್ರೆಯ ಜಾಗ ಪತ್ತೆಹಚ್ಚುವ ಬಗೆ

ಮಂಗಳೂರಿನ ಹಳೆಯ ಕೇರಿಯಲ್ಲಿ 'ಇಲ್ಲಿ ಮೊದಲು ಹುಚ್ಚಾಸ್ಪತ್ರೆ ಇತ್ತು' ಎಂಬ ಮಾತು ಸಿಕ್ಕಿದರೆ ಕಟ್ಟಡ ಹುಡುಕುವ ಮೊದಲು ಗಡಿ ಹುಡುಕಿ. ಮಾಡು ಬೀಳುತ್ತದೆ, ಮುರಕಲ್ಲನ್ನು ಯಾರೋ ಕಿತ್ತು ಸಾಗಿಸುತ್ತಾರೆ. ಗಡಿ ಮಾತ್ರ ಕಾಗದದಲ್ಲಿ ಬಹುಕಾಲ ಉಳಿಯುತ್ತದೆ.

ಸರ್ವೆ ನಂಬರು ತಿಳಿದುಕೊಂಡು ಸರ್ವೆ ಕಚೇರಿಯಲ್ಲಿ ಹಳೆಯ ಎಫ್‌ಎಂಬಿ (ಜಮೀನಿನ ಅಳತೆ ಪುಸ್ತಕದ) ನಕ್ಷೆ ಕೇಳಿ. 112 ಎಂಬ ನಂಬರು ಈಗ 112/1, 112/2ಎ ಎಂದು ಒಡೆದಿದ್ದರೆ ಎಲ್ಲ ತುಂಡುಗಳನ್ನೂ ಜೋಡಿಸಿ ನೋಡಬೇಕು. ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಮದ್ರಾಸ್ ಕಾಲದ ನಕ್ಷೆಯ ಅಂಕಿಗಳು ಅಡಿಯಲ್ಲ, ಲಿಂಕ್. 100 ಲಿಂಕ್ ಎಂದರೆ 66 ಅಡಿ. 250 ಲಿಂಕ್ ಸುಮಾರು 50 ಮೀಟರ್. ಅದನ್ನೇ ಅಡಿ ಎಂದು ಓದಿದರೆ 76 ಮೀಟರ್ ಆಗಿ ನೆರೆಮನೆಯ ಅಂಗಳ ತಲುಪುತ್ತೀರಿ.

ಸ್ಥಳಕ್ಕೆ ಡಿಸೆಂಬರ್–ಜನವರಿಯಲ್ಲಿ ಹೋಗಿ. ಮಳೆಗಾಲದಲ್ಲಿ ಪಾಚಿ, ಹುಲ್ಲು ಎಲ್ಲವನ್ನೂ ಮುಚ್ಚಿರುತ್ತದೆ. ಹುಲ್ಲು ಒಣಗತೊಡಗಿದಾಗ ಮಣ್ಣಿನಡಿಯ ಪಂಚಾಂಗದ (ಅಡಿಪಾಯದ) ಮೇಲಿನದ್ದು ಮೊದಲು ಹಳದಿಯಾಗುತ್ತದೆ, ಅಲ್ಲಿ ಮಣ್ಣು ತೆಳು. ಪಾದೆಯ (ಬಂಡೆಯ) ಮೇಲೂ ಹೀಗೇ ಆಗುವುದರಿಂದ ನೇರ ಗೆರೆ, ಚೌಕ ಮೂಲೆ ಕಂಡರಷ್ಟೇ ಬರೆದುಕೊಳ್ಳಿ. ಬಾವಿ, ಸಾಲುಮರ, ಗೇಟಿನ ಕಂಬಗಳನ್ನೂ ನಕ್ಷೆಗೆ ಹೋಲಿಸಿ.

ಗೋಡೆಯ ತುಂಡು ಉಳಿದಿದ್ದರೆ ಸಂದನ್ನು ಕೀಲಿಕೈಯಿಂದ ಕೆರೆಯಿರಿ. ಸುಣ್ಣದ ಗಾರೆ ಪುಡಿಯಾಗುತ್ತದೆ, ಸಿಮೆಂಟ್ ಸುಲಭಕ್ಕೆ ಜಗ್ಗದು. ಹಂಚಿನ ಹಿಂಬದಿಯ ಅಚ್ಚು ನೋಡಿ ವರ್ಷ ಹೇಳಬೇಡಿ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚು ಮಾಡತೊಡಗಿದ್ದು 1865ರಲ್ಲಿ, ಆದರೆ ಹಂಚು ಮನೆಯಿಂದ ಮನೆಗೆ ತಿರುಗುತ್ತದೆ. ಹೊರಗಿನಿಂದ ಮಾತ್ರ ಚಿಲಕ ಹಾಕುವ ಬಾಗಿಲೂ ಸಾಕ್ಷಿಯಲ್ಲ. ಲಾಕಪ್, ಗೋದಾಮುಗಳಲ್ಲೂ ಅದೇ.

ಹಳೆಯ ಕಡತಗಳಲ್ಲಿ ಹುಚ್ಚಾಸ್ಪತ್ರೆಗೆ ಬಳಸಿದ 'ಅಸೈಲಮ್' ಎಂಬ ಪದದ ಬಗ್ಗೆ ಎಚ್ಚರ, ಬೇರೆ ರೋಗಿಗಳ ಆಶ್ರಯಕ್ಕೂ ಅದೇ ಹೆಸರು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ತೆರೆದದ್ದು ಕುಷ್ಠರೋಗಿಗಳ ಅಸೈಲಮ್. ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಕಡತಕ್ಕೆ ಮೊದಲು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ ನೋಡಿ. ಮದ್ರಾಸ್ ಪ್ರಾಂತ್ಯದ ಅಸೈಲಮ್‌ಗಳ ವಾರ್ಷಿಕ ವರದಿಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಅವುಗಳಲ್ಲಿ ಬರುವುದು ಮದ್ರಾಸ್, ವಿಶಾಖಪಟ್ಟಣ, ಕಲ್ಲಿಕೋಟೆ. ನಿಮ್ಮ ಕೇರಿಯ ಹೆಸರು ಅಲ್ಲಿಲ್ಲದಿದ್ದರೆ ಅದು ಖಾಸಗಿ ಆಸ್ಪತ್ರೆಯೋ, ಬೇರೆ ಆಸ್ಪತ್ರೆಯ ಒಂದು ವಾರ್ಡೋ ಆಗಿರಬಹುದು. 1920ರ ಆಸುಪಾಸಿನ ನಂತರದ ಕಡತಗಳಲ್ಲಿ 'ಮೆಂಟಲ್ ಹಾಸ್ಪಿಟಲ್' ಎಂದೇ ಹುಡುಕಬೇಕು, ಆಗ ಹೆಸರು ಬದಲಾಯಿತು.

ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ನೆನಪೇ ಎಲ್ಲರದಾಗುತ್ತದೆ. 'ಅಜ್ಜೀ, ಗೇಟು ಯಾವ ಬದಿಗಿತ್ತು?' ಎಂದು ಕೇಳಿ, 'ರಸ್ತೆ ಬದಿಗಿತ್ತಲ್ಲಾ?' ಎಂದಲ್ಲ. ರೋಗಿಗಳ ಹೆಸರು ಕಿವಿಗೆ ಬಿದ್ದರೂ ಬರೆದುಕೊಳ್ಳಬೇಡಿ. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಅದೇ ಕೇರಿಯಲ್ಲಿರುತ್ತಾರೆ.