ಅಜ್ಜನ ಶೇವಿಂಗ್ ಸೆಟ್ಟಿಗೆ ಹುಣಸೆಹಣ್ಣು ಹಾಕಿದ್ದು

ಸಕಲೇಶಪುರದ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಅಜ್ಜನ ಶೇವಿಂಗ್ ಸೆಟ್ ಸಿಕ್ಕಿತು. ಅಜ್ಜ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ತೋಟದ ಬ್ರಿಟಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಕೊಟ್ಟು ಹೋದದ್ದಂತೆ. ಮೂರೇ ತುಂಡು. ಮೇಲಿನ ಮುಚ್ಚಳ, ಬ್ಲೇಡಿನ ಕೆಳಗೆ ಕೂರುವ ತಟ್ಟೆ, ಹಿಡಿ. ತಟ್ಟೆಯ ಮೇಲೆ ಜಿಲೆಟ್ ಹೆಸರು, ಮೇಡ್ ಇನ್ ಇಂಗ್ಲೆಂಡ್ ಅನ್ನುವ ಅಕ್ಷರ. ಉಳಿದಂತೆ ಮೈಯೆಲ್ಲ ಹಸಿರು ಕಿಲುಬು.

ಹಾಸನಕ್ಕೆ ತಂದು ಅಮ್ಮನಿಗೆ ತೋರಿಸಿದೆ. "ಹಿತ್ತಾಳೆ ಕಣೋ ಇದು. ಹುಣಸೆಹಣ್ಣಲ್ಲಿ ನೆನೆಹಾಕಿ ಬೂದಿ ತಗೊಂಡು ತಿಕ್ಕು, ಚಿನ್ನದಂಗೆ ಆಗುತ್ತೆ" ಅಂದರು. ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಎದ್ದು ಚೆನ್ನಾಗಿ ತಿಕ್ಕಿದೆ.

ಚಿನ್ನದಂಗೇ ಆಯಿತು. ಅದೇ ಎಡವಟ್ಟು. ಅದು ಬೆಳ್ಳಗೆ ಹೊಳೆಯಬೇಕಿದ್ದ ಸಾಮಾನು.

ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಒಳಗಡೆ ಹಿತ್ತಾಳೆಯೇ. ಆದರೆ ಅದರ ಮೇಲೆ ನಿಕ್ಕಲ್ ಗಿಲೀಟು ಇತ್ತು. ಹುಣಸೆಹಣ್ಣಿನ ಹುಳಿ ಕಿಲುಬನ್ನು ಮಾತ್ರ ತಿಂದು ಸುಮ್ಮನಾಗುವುದಿಲ್ಲ. ಗಿಲೀಟಿನ ಸಣ್ಣ ಸಣ್ಣ ತೂತುಗಳಿಂದ ಕೆಳಗಿಳಿದು ಹಿತ್ತಾಳೆಯನ್ನೂ ಹಿಡಿಯುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಗೆ ಸತು ಬೇಗ ಕರಗುತ್ತದೆ, ತಾಮ್ರ ಉಳಿಯುತ್ತದೆ. ಹಾಗಾಗಿ ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆಗಳು ಬಂದವು. ಸಡಿಲವಾಗಿದ್ದ ನಿಕ್ಕಲನ್ನು ಬೂದಿ ಕೆರೆದು ತೆಗೆಯಿತು. ಪೂಜೆ ಪಾತ್ರೆಗೆ ಇದು ಸರಿಯಾದ ವಿಧಾನ. ಅದಕ್ಕೆ ಗಿಲೀಟು ಇರುವುದಿಲ್ಲವಲ್ಲ!

ಅಳುಮುಖ ಹಾಕಿಕೊಂಡು ನಮ್ಮ ಬೀದಿಯ ಅಕ್ಕಸಾಲಿ ಆಚಾರ್ರ ಹತ್ತಿರ ಹೋದೆ. ಮತ್ತೆ ಗಿಲೀಟು ಮಾಡಿಸಿಬಿಡೋಣ ಅಂತ ನನ್ನ ಲೆಕ್ಕ. ಅವರು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮಾಡಿಸಬಹುದು ಸಾರ್. ಆದ್ರೆ ಮೊದಲು ಹಳೇದನ್ನ ತೆಗೆದು ಪೂರ್ತಿ ಪಾಲಿಶ್ ಹೊಡೀಬೇಕು. ಈ ಅಕ್ಷರ ಎಲ್ಲ ಸವೆದು ಹೋಗುತ್ತೆ. ಇಲ್ಲಿ ಯಾರೋ ಸೂಜೀಲಿ ಗೀರಿದ್ದಾರೆ, ಅದೂ ಹೋಗುತ್ತೆ." ನೋಡಿದರೆ ತಟ್ಟೆಯ ಮೂಲೆಯಲ್ಲಿ ಪುಟ್ಟದಾಗಿ ಒಂದು 'ನ'. ಅಜ್ಜನ ಹೆಸರಿನ ಮೊದಲ ಅಕ್ಷರ. ಕಿಲುಬಿನ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿತ್ತು. ಗಿಲೀಟಿನ ಯೋಚನೆ ಅಲ್ಲಿಗೆ ಬಿಟ್ಟೆ.

ಆಚಾರ್ರು ಹೇಳಿಕೊಟ್ಟದ್ದು ಅಂಟುವಾಳಕಾಯಿ. ಚಿನ್ನದ ಒಡವೆ ತೊಳೆಯಲು ಅವರು ಬಳಸುವುದೇ ಅದನ್ನು. ನಾಲ್ಕೈದು ಕಾಯಿ ಜಜ್ಜಿ, ಬೀಜ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡಿ. ನೊರೆ ಬರುವ ಹಾಗೆ ಕಿವುಚಿ ಸೋಸಿ. ಬಿಚ್ಚಿದ ತುಂಡುಗಳನ್ನು ಅದರಲ್ಲಿ ಹತ್ತು ನಿಮಿಷ ಹಾಕಿ, ಮಕ್ಕಳ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಿನಲ್ಲೂ ಇದೇ ಕೆಲಸ ಆಗುತ್ತದೆ. ಆದರೂ ನನಗೆ ಅಂಟುವಾಳವೇ ಇಷ್ಟ. ತಿರುಪಿನ ಸುತ್ತುಗಳಲ್ಲಿ ಕೂತ ಕಿಲುಬಿಗೆ ತೆಂಗಿನ ಪೊರಕೆಯ ಕಡ್ಡಿಯನ್ನು ಚೂಪು ಮಾಡಿಕೊಳ್ಳುತ್ತೇನೆ. ಸೂಜಿ ಗೀರುತ್ತದೆ, ಕಡ್ಡಿ ಗೀರುವುದಿಲ್ಲ. ಒಂದೇ ದಿನಕ್ಕೆ ಹೋಗದಿದ್ದರೆ ಮಾರನೇ ದಿನ ಮತ್ತೆ. ಅವಸರ ಮಾಡಿದರೆ ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಿಯ ಕಡೆ ಹೋಗುತ್ತದೆ.

ಈ ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿ, ಅವರವರ ಮನೆಯ ಹಳೇ ಸೆಟ್ಟುಗಳೆಲ್ಲ ನನ್ನ ಹತ್ತಿರ ಬರತೊಡಗಿದವು. ಈಗ ನೀರು ಮುಟ್ಟಿಸುವ ಮೊದಲು ಹಿಡಿ ಬಿಚ್ಚಿ ತಿರುಪಿನ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಅಲ್ಲಿ ಗಿಲೀಟು ಸರಿಯಾಗಿ ಕೂತಿರುವುದಿಲ್ಲ, ಒಳಗಿನ ಲೋಹ ಕಾಣುತ್ತದೆ. ಹಳದಿ ಕಂಡರೆ ಹಿತ್ತಾಳೆ. ಬೂದು ಬಣ್ಣವಿದ್ದು, ಕೈಯಲ್ಲಿ ಹಿಡಿದಾಗ ಅಂದಾಜಿಗಿಂತ ಹಗುರ ಅನ್ನಿಸಿದರೆ ಸತುವಿನ ಎರಕ. ಸತುವಿಗೆ ಸುಮಾರು ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ ಸೇರಿಸಿದ ಆ ಮಿಶ್ರಲೋಹಕ್ಕೆ ಜಾಮಕ್ ಅನ್ನುತ್ತಾರೆ. ಅದರ ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ನಮ್ಮ ತಲೆಗೂದಲು ಐವತ್ತು ಮೈಕ್ರಾನ್‌ಗಿಂತ ದಪ್ಪ, ಲೆಕ್ಕ ಹಾಕಿ. ಒಂದು ಕಡೆ ಗೀರಿ ನೀರು ಇಳಿಯಿತೆಂದರೆ ಒಳಗಿನ ಸತು ಉಬ್ಬಿ ಗುಳ್ಳೆ ಏಳುತ್ತದೆ, ಆಮೇಲೆ ಗುಳಿ ಬೀಳುತ್ತದೆ. ಅದಕ್ಕೆ ಮದ್ದಿಲ್ಲ. ಚಿಕ್ಕಪ್ಪ ಕೊಟ್ಟ ಒಂದು ಸೆಟ್ಟನ್ನು ಹಾಗೇ ವಾಪಸ್ ಕೊಟ್ಟೆ. ಅವರಿಗೆ ಈಗಲೂ ಬೇಜಾರು.

ಚಿನ್ನದ ಬಣ್ಣದ್ದು ಬಂದರೆ ನನಗೆ ಭಯ. ಚಿನ್ನದ ಪದರ ತೀರಾ ತೆಳು. ಕೆಲವದರ ಮೇಲೆ ಕಾಪಾಡಲೆಂದು ಲ್ಯಾಕರ್ ಅನ್ನುವ ಪಾರದರ್ಶಕ ಲೇಪ ಬೇರೆ ಹಚ್ಚಿರುತ್ತಾರೆ. ಕುದಿಯುವ ನೀರು, ಸ್ಪಿರಿಟ್, ವಿನೆಗರ್, ಟೂತ್‌ಪೇಸ್ಟ್, ಬ್ರಾಸೋ ಯಾವುದೂ ಬೇಡ. ಬ್ರಾಸೋದಲ್ಲಿ ನುಣ್ಣಗಿನ ಉಜ್ಜುಪುಡಿ ಇರುತ್ತದೆ, ಹೊಳಪು ಬರುವುದೇ ಮೇಲಿನ ಪದರ ಸವೆಯುವುದರಿಂದ. ಅಂಟುವಾಳದ ನೊರೆ, ಬೆರಳು, ಅಷ್ಟೇ.

ಭಾವ ತಂದ ಅಮೆರಿಕದ ಸೆಟ್ಟಿನ ಕಥೆಯೇ ಬೇರೆ. ತಲೆಯ ಕೆಳಗೆ 'ಎಫ್ 2' ಅಂತ ಒತ್ತಿತ್ತು. ಅಲ್ಲಿನ ಜಿಲೆಟ್ ಗುರುತಿನಲ್ಲಿ 'ಎ' ಅಂದರೆ 1955, ಹಾಗೇ ಎಣಿಸಿದರೆ 'ಎಫ್' 1960. ಎರಡು ಅಂದರೆ ಆ ವರ್ಷದ ಎರಡನೇ ಮೂರು ತಿಂಗಳು, ಏಪ್ರಿಲ್‌ನಿಂದ ಜೂನ್. ಹಿಡಿ ತಿರುಗಿಸಿದರೆ ಬ್ಲೇಡ್ ಹಾಕಲು ಮೇಲೆ ಎರಡು ಬಾಗಿಲು ತೆರೆಯಬೇಕು, ಅದು ತೆರೆಯಲೇ ಇಲ್ಲ. ನಮ್ಮ ಬೋರ್‌ವೆಲ್ಲಿನಂಥ ಗಡಸು ನೀರಿಗೆ ಸೋಪು ಸೇರಿದರೆ ಗಾರೆಯಂಥ ಅಂಟು ಆಗುತ್ತದೆ, ಅಲ್ವಾ? ಅದೇ ಒಳಗೆ ಕೂತಿತ್ತು. ಜೋರು ಮಾಡಲಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಮೂರು ದಿನ ನೀರು ಬದಲಾಯಿಸುತ್ತಾ ಹೋದೆ. ನಾಲ್ಕನೇ ದಿನ ಬಾಗಿಲು ತೆರೆಯಿತು. ಭಾವನಿಗಿಂತ ನನಗೇ ಜಾಸ್ತಿ ಖುಷಿ.

ಇನ್ನು ಮಳೆಗಾಲ. ಸಕಲೇಶಪುರದ ಕಡೆ ಗೋಡೆಗೂ ಬೂಷ್ಟು ಬರುವ ಕಾಲದಲ್ಲಿ ಈ ಸೆಟ್ಟುಗಳನ್ನು ಅವುಗಳ ಮಖಮಲ್ಲಿನ ಡಬ್ಬಿಯಲ್ಲೇ ಇಟ್ಟರೆ ಕೆಟ್ಟವು ಅಂತಲೇ ಲೆಕ್ಕ. ಬಟ್ಟೆ ತೇವ ಹಿಡಿದುಕೊಳ್ಳುತ್ತದೆ. ಅಜ್ಜನ ಸೆಟ್ಟು ಕಿಲುಬು ಹಿಡಿದದ್ದೂ ಹಾಗೆಯೇ ಇರಬೇಕು. ಶೇವ್ ಆದಮೇಲೆ ಬ್ಲೇಡ್ ತೆಗೆದು, ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಡುತ್ತೇನೆ. ಎತ್ತಿಡುವುದಾದರೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸವರಿ ಒರೆಸುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಲು ಹೋಗಿ ಒಮ್ಮೆ ಪಾಠ ಕಲಿತೆ. ಎಣ್ಣೆ ಕಮಟಿದಾಗ ಅದರ ಕೊಬ್ಬಿನ ಹುಳಿ ತಾಮ್ರದ ಜೊತೆ ಸೇರಿ ಮತ್ತೆ ಹಸಿರಾಗುತ್ತದೆ. ಸರಿಯಾಗಿ ತೊಳೆಯದೆ ಉಳಿದ ಸೋಪೂ ಅದನ್ನೇ ಮಾಡುತ್ತದೆ.

ಅಜ್ಜನ ಸೆಟ್ಟಿನ ಗುಲಾಬಿ ಮಚ್ಚೆ ಈಗ ಕಂದಿ ಕಂದುಬಣ್ಣಕ್ಕೆ ತಿರುಗಿದೆ. ವಾರಕ್ಕೆ ಎರಡು ಸಲ ಅದರಲ್ಲೇ ಶೇವ್ ಮಾಡುತ್ತೇನೆ. ಅಂಟುವಾಳ ನೆನೆಹಾಕಿದ ದಿನ ಮಾತ್ರ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತಿರುತ್ತಾರೆ. "ಆ ನೀರು ಚೆಲ್ಲಬೇಡ ಕಣೋ, ನನ್ನ ಬಳೆ ತೊಳೀಬೇಕು."