ವಸತಿ ಯೋಜನೆಯ ಜೊತೆಯಲ್ಲೇ ಬಸ್ ಸೌಕರ್ಯಕ್ಕೂ ಅನುದಾನ ಕೇಳುವುದು ಹೇಗೆ?

ಮೈಸೂರಿನ ಅಂಚಿನಲ್ಲಿ ಬಡವರಿಗಾಗಿ ಕಟ್ಟುವ ಮನೆಗಳ ಹಣ ಒಂದು ಇಲಾಖೆಯಿಂದ ಬಂದರೆ, ಆ ಕಡೆಗೆ ಬಸ್ ಓಡಿಸುವ ಹಣ ಇನ್ನೊಂದು ಕಡೆಯಿಂದ ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಯೋಜನೆಗಾಗಿ ಕಾಯುವುದಕ್ಕಿಂತ, ಎರಡೂ ಮೂಲಗಳ ಹಣ ಒಂದೇ ಜಾಗಕ್ಕೆ ಸೇರುವಂತೆ ಪ್ರಸ್ತಾವ ಸಿದ್ಧಪಡಿಸುವುದು ಉತ್ತಮ. ವಾರ್ಡ್ ಸಮಿತಿಗಳು ಮತ್ತು ನಿವಾಸಿಗಳ ಸಂಘಗಳು ಇದಕ್ಕೆ ಕೈಹಾಕಬಹುದು, ಹಾಕಲೇಬೇಕು.

2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ನಾಲ್ಕು ವಿಭಾಗಗಳಿವೆ: ಸ್ವಂತ ನಿವೇಶನದಲ್ಲಿ ಫಲಾನುಭವಿಯೇ ಮನೆ ಕಟ್ಟಿಕೊಳ್ಳುವುದು, ಸರ್ಕಾರಿ ಅಥವಾ ಖಾಸಗಿ ಸಂಸ್ಥೆಗಳ ಸಹಭಾಗಿತ್ವದ ವಸತಿ ಸಮುಚ್ಚಯ, ಬಾಡಿಗೆ ವಸತಿ ಮತ್ತು ಗೃಹಸಾಲಕ್ಕೆ ಬಡ್ಡಿ ಸಹಾಯಧನ. ಮೊದಲ ಎರಡು ವಿಭಾಗಗಳಲ್ಲಿ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರದ ಕುಟುಂಬದ ಮನೆಗೆ ಕೇಂದ್ರ 1.5 ಲಕ್ಷ ರೂಪಾಯಿ, ರಾಜ್ಯ ಕನಿಷ್ಠ 1 ಲಕ್ಷ ರೂಪಾಯಿ ಕೊಡಬೇಕು. ಸ್ವಂತ ನಿವೇಶನವಿದ್ದಲ್ಲಿ ಜಾಗ ಬದಲಿಸಲು ಬರುವುದಿಲ್ಲ. ಆದ್ದರಿಂದ ಸಾರಿಗೆಯ ಮಾತು ನಿಜವಾಗಿ ನಡೆಯುವುದು ಜಾಗವನ್ನು ಇನ್ನೂ ಆಯ್ಕೆ ಮಾಡಬೇಕಿರುವ ವಸತಿ ಸಮುಚ್ಚಯ ಮತ್ತು ಬಾಡಿಗೆ ವಸತಿಗಳಲ್ಲಿ. ನಿಮ್ಮ ಶ್ರಮವನ್ನೆಲ್ಲ ಅಲ್ಲಿಗೇ ಹಾಕಿ.

ಬಸ್ಸಿನ ಹಣಕ್ಕೆ ಎರಡು ದಾರಿಗಳಿವೆ. 2023ರ ಪಿಎಂ ಇ-ಬಸ್ ಸೇವಾ ಯೋಜನೆ 2011ರ ಜನಗಣತಿಯಂತೆ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯಿರುವ ನಗರಗಳಿಗೆ ವಿದ್ಯುತ್ ಬಸ್ ಓಡಿದ ಪ್ರತಿ ಕಿಲೋಮೀಟರಿಗೂ ನೆರವು ಕೊಡುತ್ತದೆ. 12 ಮೀಟರ್ ಉದ್ದದ ಬಸ್ಸಿಗೆ ಅದು 24 ರೂಪಾಯಿ. ಮೈಸೂರು ಈ ಮಿತಿಯೊಳಗೆ ಬರುತ್ತದೆ, ಮಂಡ್ಯ ಬರುವುದಿಲ್ಲ. ಮಂಡ್ಯದವರು ಎರಡನೆಯ ದಾರಿ ಹಿಡಿದು ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯವನ್ನು ಕೇಳಬೇಕು. ಮೈಸೂರಿನ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆಗೆ 2017ರಲ್ಲಿ ಕೈಜೋಡಿಸಿದ್ದು ಇದೇ ನಿರ್ದೇಶನಾಲಯ. ರಾಜ್ಯ ನಗರ ಸಾರಿಗೆ ನಿಧಿಯಿಂದ ತಂಗುದಾಣ, ಪಾದಚಾರಿ ಮಾರ್ಗದಂಥ ಕೆಲಸಗಳಿಗೂ ಹಣ ಕೇಳಬಹುದು.

ಪ್ರಸ್ತಾವಕ್ಕೆ ಬಲ ಬರುವುದು ನೀವು ಖುದ್ದಾಗಿ ಮಾಡುವ ಸಮೀಕ್ಷೆಯಿಂದ. ನಕ್ಷೆಯಲ್ಲಿ ನೇರ ಗೆರೆ ಎಳೆದು ದೂರ ಹೇಳಬೇಡಿ. ಬೆಳಗಿನ ಜಾವ ಉದ್ದೇಶಿತ ಜಾಗದಿಂದ ಹತ್ತಿರದ ತಂಗುದಾಣದವರೆಗೆ ನಡೆದು ನೋಡಿ: ರಾಜಕಾಲುವೆ ದಾಟಲು ಎಷ್ಟು ಸುತ್ತಬೇಕು, ವರ್ತುಲ ರಸ್ತೆ ದಾಟುವಲ್ಲಿ ಸಿಗ್ನಲ್ ಇದೆಯೇ, ಎಲ್ಲಿ ಬೀದಿದೀಪವಿಲ್ಲ ಎಂಬುದನ್ನು ಬರೆದುಕೊಳ್ಳಿ. 2017ರ ರಾಷ್ಟ್ರೀಯ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿ ಸಾರಿಗೆ ನಿಲ್ದಾಣದಿಂದ 500ರಿಂದ 800 ಮೀಟರ್ ನಡಿಗೆಯ ದೂರವನ್ನು ಮಾನದಂಡವಾಗಿ ಹೇಳುತ್ತದೆ. ನಿಮ್ಮ ಅಳತೆಯನ್ನು ಅದರ ಪಕ್ಕದಲ್ಲಿಡಿ. ಅನಂತರ ಜನರನ್ನು ಮಾತನಾಡಿಸಿ. ಏಳು ಗಂಟೆಯೊಳಗೆ ಕುವೆಂಪುನಗರದ ಮನೆಗಳಿಗೆ ಕೆಲಸಕ್ಕೆ ಹೋಗಬೇಕಾದ ಕೆಸರೆಯ ಹೆಣ್ಣುಮಗಳು ಸಿಟಿ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದು ಬಸ್ ಕಾಯಬೇಕೇ? ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಂಜೆಯ ಪಾಳಿ ಮುಗಿಸಿ ರಾತ್ರಿ ಹೊರಡುವವರಿಗೆ ಕೊನೆಯ ಬಸ್ ಸಿಗುತ್ತದೆಯೇ? 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ, ಆದರೆ ಬಸ್ಸೇ ಬಾರದ ಬಡಾವಣೆಯ ಹೆಣ್ಣುಮಕ್ಕಳು ಆಟೋಗೆ ದುಡ್ಡು ತೆರುತ್ತಲೇ ಇರುತ್ತಾರೆ. ಈ ಖರ್ಚನ್ನು ಮನೆಮನೆಯಿಂದ ಕೇಳಿ ದಾಖಲಿಸಿದರೆ ಅಧಿಕಾರಿಗಳು ಅದನ್ನು ಸುಲಭವಾಗಿ ತಳ್ಳಿಹಾಕಲಾರರು.

ಇದೆಲ್ಲವೂ ಜಾಗ, ನಕ್ಷೆ, ವೆಚ್ಚಗಳನ್ನು ವಿವರಿಸುವ ವಿಸ್ತೃತ ಯೋಜನಾ ವರದಿ ಸಿದ್ಧವಾಗುವ ಮೊದಲೇ ಪಾಲಿಕೆ, ಗೃಹ ಮಂಡಳಿ ಅಥವಾ ಕೊಳಗೇರಿ ಅಭಿವೃದ್ಧಿ ಮಂಡಳಿಯ ಕೈಸೇರಬೇಕು. ವರದಿ ರಾಜ್ಯದ ಮಂಜೂರಾತಿ ಸಮಿತಿಯನ್ನು ದಾಟಿ ಕೇಂದ್ರದ ಸಮಿತಿಗೆ ಹೋದ ಮೇಲೆ ಜಾಗ ಬದಲಾಯಿಸುವುದು ಬಹಳ ಕಷ್ಟ. ಬಡಾವಣೆಯ ನಕ್ಷೆಯಲ್ಲಿ ತಂಗುದಾಣವನ್ನೂ ಬಸ್ ತಿರುಗಿಸಿಕೊಳ್ಳುವಷ್ಟು ಜಾಗವನ್ನೂ ಗುರುತಿಸುವಂತೆ ಕೇಳಿ. ತಿರುವಿಗೆ ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಮಾರ್ಗ ಮುಖ್ಯರಸ್ತೆಯಲ್ಲೇ ನಿಂತುಬಿಡುತ್ತದೆ. ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗಳಿಂದ ಮಾರ್ಗ, ದಿನದ ಟ್ರಿಪ್‌ಗಳು, ಮೊದಲ ಮತ್ತು ಕೊನೆಯ ಬಸ್ಸಿನ ಹೊತ್ತನ್ನು ತಿಳಿಸುವ ಲಿಖಿತ ಒಪ್ಪಿಗೆ ಪಡೆದು ವರದಿಗೆ ಲಗತ್ತಿಸಿ, ಪ್ರತಿಗಳನ್ನು ಜಿಲ್ಲಾಧಿಕಾರಿಗಳಿಗೂ ಅಭಿವೃದ್ಧಿ ಪ್ರಾಧಿಕಾರಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನಗಳೊಳಗೆ ಮಾಹಿತಿ ಕೊಡಬೇಕೆಂಬುದು ನಿಯಮ. ಮನೆ ಹಂಚಿಕೆಯ ದಿನಾಂಕವನ್ನೂ ಬಸ್ ಆರಂಭದ ದಿನಾಂಕವನ್ನೂ ಬೇರೆ ಬೇರೆ ಅರ್ಜಿಗಳಲ್ಲಿ ಕೇಳಿದರೆ, ಎರಡರ ನಡುವೆ ಎಷ್ಟು ತಿಂಗಳ ಅಂತರವಿದೆ ಎಂಬುದು ಸರ್ಕಾರದ ದಾಖಲೆಯಲ್ಲೇ ಸಿಗುತ್ತದೆ.